ಕುಮಾವೂನಿನ ಭಾಂಗ್ ಬೀಜವನ್ನು ಅಡುಗೆಮನೆಗೆ ಮತ್ತೆ ತರುವುದು ಹೇಗೆ

ಭಾಂಗ್ ಬೀಜದ ಚಟ್ನಿ ಅಂದ ಕೂಡಲೇ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, "ನಶೆ ಏರಲ್ವಾ?" ಏರುವುದಿಲ್ಲ. ಭಾಂಗ್ ಅಂದರೆ ಗಾಂಜಾ ಗಿಡವೇ, ನಿಜ. ಆದರೆ ಅದರಲ್ಲಿ ಅಮಲು ತರುವ ಅಂಟು ಇರುವುದು ಹೆಣ್ಣು ಗಿಡದ ಹೂವಿನ ತುದಿಯಲ್ಲಿ, ಬೀಜವನ್ನು ಸುತ್ತಿಕೊಂಡ ಪುಟ್ಟ ಎಲೆಗಳಲ್ಲಿ. ಬೀಜದ ಒಳಗಿರುವುದು ಎಣ್ಣೆ, ಪ್ರೋಟೀನು, ನಾರು. ಸಿಪ್ಪೆಯ ಮೇಲೆ ಆ ಅಂಟು ಒಂಚೂರು ಮೆತ್ತಿಕೊಂಡಿರಬಹುದು. ಅದಕ್ಕೇ ತೊಳೆಯುವ ಕೆಲಸವನ್ನು ಬಿಡಬಾರದು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ನಾನು ಸಿರಾ ಕಡೆಯವಳು. ರಾಗಿ ಮುದ್ದೆ, ಹುಚ್ಚೆಳ್ಳು ಚಟ್ನಿ ತಿಂದು ಬೆಳೆದವಳು. ಮದುವೆಯಾಗಿ ಸೇರಿದ್ದು ಉತ್ತರಾಖಂಡದ ಬೆಟ್ಟ ಸೀಮೆ ಕುಮಾವೂನಿನ ಅಲ್ಮೋಡಾ ಜಿಲ್ಲೆಯ ಮನೆಗೆ, ಸೋಮೇಶ್ವರದ ಹತ್ತಿರದ ಹಳ್ಳಿ. ಈಗ ಬೆಂಗಳೂರಿನಲ್ಲಿ ಇದ್ದೇವೆ, ಚಳಿಗಾಲಕ್ಕೆ ಊರಿಗೆ ಹೋಗುತ್ತೇವೆ. ಅತ್ತೆಯನ್ನು ಅಲ್ಲಿಯವರ ಹಾಗೆ ಇಜಾ ಅನ್ನುತ್ತೇನೆ. ಅವರು ನನ್ನನ್ನು ಬ್ವಾರಿ ಅಂತ ಕರೆಯುತ್ತಾರೆ, ಅಂದರೆ ಸೊಸೆ. ಇಲ್ಲಿ ಬರೆದಿರುವ ಅಡುಗೆಯೆಲ್ಲ ಇಜಾ ಅರೆಯುವ ಕಲ್ಲಿನ ಪಕ್ಕ ಕೂತು ಕಲಿತದ್ದು. ಆ ಕಲ್ಲಿಗೆ ಅಲ್ಲಿ ಸಿಲ್ ಅನ್ನುತ್ತಾರೆ.

ಕುಮಾವೂನಿನ ಹೊಲದ ಊಟ ನಮಗೆ ದೂರದ್ದಲ್ಲ. ಅವರ ಮಂಡುವಾ ನಮ್ಮ ರಾಗಿ. ಗಹತ್ ಅಂದರೆ ಹುರುಳಿ. ಝಂಗೋರಾ ಅಂದರೆ ಊದಲು. ನಮ್ಮಲ್ಲಿ ರಾಗಿ ಪಕ್ಕ ಹುಚ್ಚೆಳ್ಳು ಕೂತಿರುವ ಜಾಗದಲ್ಲಿ ಅಲ್ಲಿ ಮಂಡುವಾ ಪಕ್ಕ ಭಾಂಗ್ ಬೀಜ ಕೂತಿದೆ. ಬಡವರ ಮನೆಯ ಎಣ್ಣೆಕಾಳು. ತೂಕದಲ್ಲಿ ಸುಮಾರು ಕಾಲು ಭಾಗ ಪ್ರೋಟೀನು, ಮೂರನೇ ಒಂದು ಭಾಗದ ಹತ್ತಿರ ಎಣ್ಣೆ. ಹಾಲು ತುಪ್ಪ ಕಡಿಮೆ ಇದ್ದ ಮನೆಗಳಲ್ಲಿ ಚಳಿಗಾಲದ ಜಿಡ್ಡು ಇದರಿಂದಲೇ ಬರುತ್ತಿತ್ತು.

ಗಿಡದ ಒಂದು ಭಾಗವೂ ಅಲ್ಲಿ ದಂಡವಾಗುತ್ತಿರಲಿಲ್ಲ. ಕಾಂಡದ ನಾರಿನಿಂದ ಹಗ್ಗ, ಚೀಲ, ಒರಟು ಬಟ್ಟೆ. ನಾರು ತೆಗೆದ ಕಡ್ಡಿ ಒಲೆ ಹೊತ್ತಿಸಲು. ಬೀಜ ಅಡುಗೆಗೆ. ಆಮೇಲೆ ನೈಲಾನ್ ಹಗ್ಗ ಬಂತು, ಪ್ಲಾಸ್ಟಿಕ್ ಚೀಲ ಬಂತು. 1985ರಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂದು ಗಿಡದ ಹೆಸರು ಹೇಳಲೂ ಜನ ಹೆದರಿದರು. ಹಳ್ಳಿಯ ಹುಡುಗರು ದೆಹಲಿ, ಹಲ್ದ್ವಾನಿ ಕಡೆ ಕೆಲಸಕ್ಕೆ ಹೋದರು. ಹೊಲ ಪಾಳು ಬಿದ್ದವು, ಸಿಲ್ ಹಿತ್ತಲಿಗೆ ಹೋಯಿತು. ಈಗ ಎಷ್ಟೋ ಮನೆಗಳಲ್ಲಿ ನೆಂಟರು ಬಂದರೆ ಪನೀರ್ ಮಾಡುತ್ತಾರೆ. ಭಾಂಗ್ ಚಟ್ನಿ ಮನೆಯವರಿಗಷ್ಟೇ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ.

ಇನ್ನೊಂದು ಕಡೆ ಇದೇ ಬೀಜದ ಸಿಪ್ಪೆ ತೆಗೆದು, ಚೆಂದದ ಡಬ್ಬಿಗೆ ತುಂಬಿ, ಸೂಪರ್‌ಫುಡ್ ಅಂತ ನಗರಗಳಲ್ಲಿ ಮಾರುತ್ತಿದ್ದಾರೆ. ಸ್ಮೂದಿ ಮೇಲೆ ಒಂದು ಚಮಚ ಉದುರಿಸಿಕೊಳ್ಳಿ ಅನ್ನುತ್ತಾರೆ. ಅದು ಕೆಟ್ಟದ್ದೇನಲ್ಲ. ಆದರೆ ಅದರಿಂದ ಕುಮಾವೂನಿನ ಅಡುಗೆ ವಾಪಸ್ ಬರುವುದಿಲ್ಲ. ಭಾಂಗ್ ಬೀಜದ ರುಚಿ ಇರುವುದು ಸಿಪ್ಪೆ ಸಮೇತ ಹುರಿಯುವುದರಲ್ಲಿ. ಸಿಪ್ಪೆ ತೆಗೆದ ತಿರುಳು ಮೆತ್ತಗೆ, ಸಪ್ಪೆ ಸಪ್ಪೆ. ಬೀಜ ವಾಪಸ್ ಬರಬೇಕಾದರೆ ಇಡಿಯಾಗಿಯೇ ಬರಬೇಕು, ತನ್ನ ಜೊತೆಯ ಆಲೂಗಡ್ಡೆ, ಕೆಸುವಿನ ಗೆಡ್ಡೆ, ನಿಂಬೆ, ಮೂಲಂಗಿಯನ್ನೆಲ್ಲ ಕರೆದುಕೊಂಡು ಬರಬೇಕು.

ಬೀಜ ಕೊಳ್ಳುವಾಗ

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅನ್ನುವುದು ಗಿಡದ ಹೂ ಕಾಯಿ ಇರುವ ತುದಿಗೆ. ತುದಿ ಜೊತೆಗೆ ಇಲ್ಲದ ಬೀಜ ಅದರಲ್ಲಿ ಸೇರುವುದಿಲ್ಲ. ಭಾಂಗ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರ ನವೆಂಬರ್‌ನಲ್ಲಿ ನಿಯಮ ಮಾಡಿದೆ. ಬೀಜದಲ್ಲಿ ಟಿಎಚ್‌ಸಿ, ಅಂದರೆ ಅಮಲಿನ ಅಂಶ, ಒಂದು ಕೆಜಿಗೆ 5 ಮಿಲಿಗ್ರಾಂ ಮೀರಬಾರದು. ಎಣ್ಣೆಯಲ್ಲಿ 10 ಮಿಲಿಗ್ರಾಂ. ಹಾಗಾಗಿ ಅಂಗಡಿಯಿಂದಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವಾಗ ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ನೋಡಿ.

ಕೊಂಡ ಬೀಜವನ್ನು ಕುಂಡದಲ್ಲಿ ಹಾಕಿ ಬೆಳೆಸಲು ಹೋಗಬೇಡಿ. ಉತ್ತರಾಖಂಡದಲ್ಲಿ ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ಲೈಸೆನ್ಸ್ ಕೊಡುತ್ತದೆ, ಆ ಗಿಡದ ಟಿಎಚ್‌ಸಿ 0.3 ಪರ್ಸೆಂಟ್ ಒಳಗೇ ಇರಬೇಕು. ಕರ್ನಾಟಕದಲ್ಲಿ ಮನೆ ಹಿತ್ತಲಲ್ಲಿ ಒಂದು ಗಿಡ ಬೆಳೆದರೂ ಅದು ಅಪರಾಧ. ಗಲ್ಫ್‌ನಲ್ಲಿರುವ ನಮ್ಮವರಿಗೆ ಇದನ್ನು ಕಟ್ಟಿಕೊಡಲೇಬೇಡಿ. ಅಲ್ಲಿಗೆ ಗಸಗಸೆ ಒಯ್ದವರೇ ಕಷ್ಟಕ್ಕೆ ಸಿಕ್ಕಿಕೊಂಡಿದ್ದಾರೆ. ಅಮೆರಿಕ, ಕೆನಡಾದಲ್ಲಿ ಇರುವವರಿಗೆ ಅಲ್ಲಿಯ ಅಂಗಡಿಗಳಲ್ಲೇ ಸಿಗುತ್ತದೆ. ಜಾಸ್ತಿ ಕಾಣುವುದು ಸಿಪ್ಪೆ ತೆಗೆದ ತಿರುಳು. ಹುಡುಕಿ ಇಡೀ ಬೀಜವನ್ನೇ ತರಿಸಿಕೊಳ್ಳಿ.

ಇನ್ನು ಬೀಜ ಗುರುತಿಸುವುದು. ಇದರಲ್ಲಿ ಒಂದು ಗೊಂದಲ ಇದೆ. ಪಹಾಡಿನಲ್ಲಿ, ಅಂದರೆ ಆ ಬೆಟ್ಟದ ಸೀಮೆಯಲ್ಲಿ, ಭಂಗಜೀರಾ ಅಥವಾ ಭಂಗೀರಾ ಅನ್ನುವ ಇನ್ನೊಂದು ಕಾಳು ಇದೆ. ಹೆಸರು ಹತ್ತಿರ, ಅಡುಗೆಯೂ ಹತ್ತಿರ, ಆದರೆ ಗಿಡವೇ ಬೇರೆ. ಅದು ತುಳಸಿ, ಪುದೀನ ಜಾತಿಯ ಗಿಡ. ಅದರ ಕಾಳು ಪುಟ್ಟದು, ದುಂಡಗೆ, ಮೈ ಮೇಲೆ ಬಲೆ ನೇಯ್ದಂತೆ ಗೆರೆ. ಭಾಂಗ್ ಬೀಜ ಅದಕ್ಕಿಂತ ದಪ್ಪ, ಮೊಟ್ಟೆ ಆಕಾರ, ನುಣುಪು. ಬೂದು ಹಸಿರು ಮೈ ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ಮಚ್ಚೆ. ಎರಡು ಉಗುರಿನ ನಡುವೆ ಇಟ್ಟು ಒತ್ತಿದರೆ ಟಪ್ ಅಂತ ಒಡೆದು ಒಳಗೆ ಬಿಳಿ ತಿರುಳು ಕಾಣುತ್ತದೆ. ತಿರುಳು ಹಳದಿ ತಿರುಗಿದ್ದರೆ ಹಳೆಯ ಬೀಜ. ಬಾಯಿಗೆ ಹಾಕಿಕೊಂಡಾಗ ಕಮಟು ಅನಿಸಿದರೂ ಅಷ್ಟೇ. ಎಣ್ಣೆ ಇರುವ ಕಾಳು ಬೇಗ ಕಮಟುತ್ತದೆ.

ಹೊಸ ಬೀಜ ಬರುವುದು ದೀಪಾವಳಿ ಆದ ಮೇಲೆ. ಗಿಡ ಕೊಯ್ದು, ಕಲ್ಲು ಹಾಸಿದ ಅಂಗಳದಲ್ಲಿ ಒಣಗಿಸಿ, ಕೋಲಿನಿಂದ ಬಡಿದು ತೂರುತ್ತಾರೆ. ಅಲ್ಮೋಡಾ, ಬಾಗೇಶ್ವರದ ಪೇಟೆಗಳಲ್ಲಿ ದಿನಸಿ ಅಂಗಡಿಯವರು ಗೋಣಿಯಲ್ಲಿ ಇಟ್ಟುಕೊಂಡು ಬಿಡಿಯಾಗಿ ಕೊಡುತ್ತಾರೆ. ಹಳ್ಳಿ ಹೆಂಗಸರ ಸ್ವಸಹಾಯ ಸಂಘಗಳೂ ಮಾರುತ್ತವೆ. ಆಯ್ಕೆ ಇದ್ದರೆ ಅವರ ಹತ್ತಿರವೇ ಕೊಳ್ಳಿ. ಬೀಜ ಬಡಿದು ತೂರಿದ ಕೈಗೆ ದುಡ್ಡು ಸೇರಿದರೆ ಮಾತ್ರ ಮುಂದಿನ ವರ್ಷವೂ ಯಾರಾದರೂ ಬಡಿದು ತೂರುತ್ತಾರೆ.

ತೊಳೆದು ಹುರಿಯುವುದು

ಎಲ್ಲ ಅಡುಗೆಗೂ ಇದೇ ತಳಪಾಯ. ಇಲ್ಲಿ ಅವಸರ ಮಾಡಿದರೆ ಮುಂದೆ ಯಾವುದೂ ಸರಿ ಬರುವುದಿಲ್ಲ.

ಬೀಜವನ್ನು ಮೊರದಲ್ಲಿ ಹಾಕಿ ಕೇರಿ. ಎಲೆ ಚೂರು, ಕಡ್ಡಿ, ಬೀಜವನ್ನು ಸುತ್ತಿದ್ದ ಪುಟ್ಟ ಎಲೆಗಳ ಒಣ ಹೊಟ್ಟು ಎಲ್ಲ ಹೋಗಬೇಕು. ಮೊದಲೇ ಹೇಳಿದೆನಲ್ಲ, ಅಂಟು ಇರುವುದು ಆ ಹೊಟ್ಟಿನಲ್ಲೇ. ಆಮೇಲೆ ಅಗಲದ ಪಾತ್ರೆಯಲ್ಲಿ ನೀರು ತುಂಬಿ ಬೀಜ ಸುರಿಯಿರಿ, ಕೈಯಲ್ಲಿ ಚೆನ್ನಾಗಿ ಉಜ್ಜಿ. ಜೊಳ್ಳು ತೇಲುತ್ತದೆ, ಅದನ್ನು ಬಗ್ಗಿಸಿ ಚೆಲ್ಲಿ. ಗಟ್ಟಿ ಬೀಜಗಳಲ್ಲೂ ಕೆಲವು ಮೊದಲು ತೇಲುತ್ತವೆ, ನೀರು ಹಿಡಿದ ಮೇಲೆ ಕೆಳಗೆ ಕೂರುತ್ತವೆ. ಹಾಗಾಗಿ ಕೈಯಾಡಿಸಿ ಎರಡು ನಿಮಿಷ ಬಿಟ್ಟು ನೋಡಿ. ನೀರು ತಿಳಿಯಾಗುವವರೆಗೆ ತೊಳೆಯಬೇಕು. ತಳದಲ್ಲಿ ಕಲ್ಲು ಇರುತ್ತದೆ, ಅಕ್ಕಿ ಗಾಳಿಸುವ ಹಾಗೆ ಗಾಳಿಸಿ. ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಲಿ. ಒದ್ದೆ ಬೀಜ ಹುರಿದರೆ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ.

ಹುರಿಯಲು ದಪ್ಪ ತಳದ ಕಬ್ಬಿಣದ ಬಾಣಲೆ ಬೇಕು. ಎಣ್ಣೆ ಬೇಡ. ಬಾಣಲೆ ಕಾದ ಮೇಲೆ ಉರಿ ಸಣ್ಣ ಮಾಡಿ, ತಳ ಮುಚ್ಚುವಷ್ಟು ಮಾತ್ರ ಬೀಜ ಹಾಕಿ. ಕೈ ನಿಲ್ಲಿಸಬೇಡಿ. ಮೊದಲ ಒಂದೆರಡು ನಿಮಿಷ ಏನೂ ಆಗುವುದಿಲ್ಲ, ಒಂಥರಾ ಹಸಿ ಹುಲ್ಲಿನ ವಾಸನೆ ಬರುತ್ತದೆ. ಆಮೇಲೆ ಒಂದೊಂದೇ ಬೀಜ ಚಟ್ ಅನ್ನುತ್ತದೆ. ನೋಡ್ತಾ ನೋಡ್ತಾ ಬಾಣಲೆ ತುಂಬ ಚಟಪಟ ಶುರುವಾಗುತ್ತದೆ, ಕೆಲವು ಹಾರಿ ಆಚೆಯೂ ಬೀಳುತ್ತವೆ. ಬೂದು ಹಸಿರು ಹೋಗಿ ಕಂದು ಬಣ್ಣ ಬರುತ್ತದೆ, ಮೈ ಮೇಲೆ ಸಣ್ಣ ಹೊಳಪು ಕಾಣುತ್ತದೆ. ಹಸಿ ವಾಸನೆ ಹೋಗಿ ಅಕ್ರೋಟು ಹುರಿದ ಪರಿಮಳ ಬರುತ್ತದೆ.

ಆಗ ಒಂದು ಬೀಜ ತೆಗೆದು ಹಲ್ಲಿನಲ್ಲಿ ಕಡಿಯಿರಿ. ಸಿಪ್ಪೆ ಕರಕ್ ಅಂತ ಪುಡಿಯಾಗಬೇಕು. ಇನ್ನೂ ಹಲ್ಲಿಗೆ ನಾರು ನಾರಾಗಿ ಸಿಕ್ಕಿದರೆ ಇನ್ನೊಂದು ನಿಮಿಷ ಬೇಕು. ತಿರುಳು ಕೆನೆ ಬಣ್ಣ ಇರಬೇಕು. ಗಾಢ ಕಂದು ಆಗಿದ್ದರೆ ಕಹಿ. ಇಜಾ ಬಾಣಲೆ ನೋಡುವುದೇ ಇಲ್ಲ. ಬೆನ್ನು ತಿರುಗಿಸಿ ಇನ್ನೇನೋ ಹೆಚ್ಚುತ್ತಿರುತ್ತಾರೆ, ಸದ್ದು ಕೇಳಿ "ಹೋಗಯ್, ಉತಾರ್" ಅನ್ನುತ್ತಾರೆ. ಆಯಿತು, ಇಳಿಸು ಅಂತ. ಇಳಿಸಿದ ಕೂಡಲೇ ಬೇರೆ ತಟ್ಟೆಗೆ ಹರಡಿಬಿಡಿ. ಬಾಣಲೆಯ ಕಾವಿಗೆ ಬಿಟ್ಟರೆ ಅಲ್ಲೇ ಸೀಯುತ್ತದೆ.

ಹುರಿಯದ ಬೀಜ ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹುರಿದದ್ದನ್ನು ಎರಡು ವಾರದೊಳಗೆ ಮುಗಿಸಿ. ಪುಡಿ ಮಾಡಿದ್ದರೆ ಫ್ರಿಜ್‌ನಲ್ಲೇ ಇಡಿ. ಒಂದೇ ಸಲಕ್ಕೆ ರಾಶಿ ಹುರಿದಿಡುವ ಆಸೆ ಬೇಡ.

ಚಟ್ನಿ

ನಾಲ್ಕು ಜನಕ್ಕೆ ಹುರಿದ ಬೀಜ ಅರ್ಧ ಕಪ್, ಹುರಿದ ಜೀರಿಗೆ ಒಂದು ಟೀ ಚಮಚ, ಹಸಿಮೆಣಸಿನಕಾಯಿ ಮೂರೋ ನಾಲ್ಕೋ, ಬೆಳ್ಳುಳ್ಳಿ ನಾಲ್ಕು ಎಸಳು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಏಳೆಂಟು ಪುದೀನ ಎಲೆ, ಉಪ್ಪು, ನಿಂಬೆರಸ. ಪಹಾಡಿನ ನಿಂಬೆ ದೊಡ್ಡದು, ಒಂದು ಸಾಕು. ನಮ್ಮ ನಿಂಬೆ ಆದರೆ ಎರಡು ಬೇಕು.

ಕಲ್ಲಿನಲ್ಲಿ ಅರೆಯುವವರು ಮೊದಲು ಬೀಜ ಮತ್ತು ಉಪ್ಪು ಎರಡನ್ನೇ ಅರೆಯಿರಿ, ನೀರಿಲ್ಲದೆ. ಉಪ್ಪಿನ ಹರಳು ಸಿಪ್ಪೆಯನ್ನು ಉಜ್ಜಿ ಪುಡಿ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಬೀಜದ ಎಣ್ಣೆ ಬಿಟ್ಟು ಪುಡಿ ಗಂಟು ಗಂಟಾಗುತ್ತದೆ. ಆಗ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ. ಅವು ನುಣ್ಣಗಾದ ಮೇಲೆ ಸೊಪ್ಪು. ನೀರು ಚಿಮುಕಿಸಿದರೆ ಸಾಕು. ಕೊನೆಗೆ ನಿಂಬೆರಸ. ಬಣ್ಣ ಹಸಿರು ಮಿಶ್ರಿತ ಕಂದು, ನೋಡಲು ಅಂಥ ಚೆಂದವಲ್ಲ. ನಾಲಿಗೆಗೆ ಇಟ್ಟು ನೋಡಿ: ಮೊದಲು ಹುಳಿ, ಆಮೇಲೆ ಖಾರ, ಎಲ್ಲ ಇಳಿದ ಮೇಲೆ ಹುರಿದ ಕಾಳಿನ ಜಿಡ್ಡು ರುಚಿ ತುಂಬಾ ಹೊತ್ತು ಉಳಿಯುತ್ತದೆ.

ಮಿಕ್ಸಿಯಲ್ಲೂ ಆಗುತ್ತದೆ. ಚಟ್ನಿ ಜಾರ್ ತಗೊಳ್ಳಿ, ಬೀಜ ಪೂರ್ತಿ ಆರಿರಲಿ. ಮೊದಲು ಬೀಜ, ಉಪ್ಪು ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಬಿಸಿಯಾಗಿ ಎಣ್ಣೆ ಬಿಟ್ಟು ಬ್ಲೇಡಿನ ಕೆಳಗೆ ಅಂಟಿಕೊಳ್ಳುತ್ತದೆ. ಪುಡಿಯಾದ ಮೇಲೆ ಉಳಿದದ್ದು ಹಾಕಿ. ಸಿಪ್ಪೆ ಹಲ್ಲಿಗೆ ಸಿಗುತ್ತದೆ ಅಂತ ಕೆಲವರು ಪುಡಿಯನ್ನು ಜರಡಿ ಹಿಡಿಯುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಸ್ವಲ್ಪ ತರಿ ಇದ್ದರೇ ಅದು ಭಾಂಗ್ ಚಟ್ನಿ.

ಜೊತೆಗೆ ಏನು? ಆಲೂ ಕೇ ಗುಟ್ಕೇ. ಬೇಯಿಸಿದ ಆಲೂಗಡ್ಡೆಯ ದಪ್ಪ ಹೋಳು, ಸಾಸಿವೆ ಎಣ್ಣೆ, ಒಣಮೆಣಸಿನಕಾಯಿ, ಜಖಿಯಾ ಒಗ್ಗರಣೆ. ಜಖಿಯಾ ಅಲ್ಲಿ ಹೊಲದಲ್ಲಿ ತಾನೇ ಬೆಳೆಯುವ ಒಂದು ಗಿಡದ ಕಾಳು, ಇಲ್ಲದಿದ್ದರೆ ಜೀರಿಗೆ ಹಾಕಿ. ಮಂಡುವಾ ರೊಟ್ಟಿಗೂ ಇದೇ ಚಟ್ನಿ. ನಮ್ಮ ಮನೆಯಲ್ಲಿ ರಾಗಿ ರೊಟ್ಟಿ ಆದ ದಿನ ಇದು ಇದ್ದೇ ಇರುತ್ತದೆ. ನಿಂಬೆರಸ ಹಾಕಿದ ಚಟ್ನಿ ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ, ಆದರೆ ಮೊದಲ ದಿನದ ಪರಿಮಳ ಎರಡನೇ ದಿನ ಇರುವುದಿಲ್ಲ.

ಗಡೇರಿಗೆ ಭಾಂಗಿನ ಹಾಲು

ಕುಮಾವೂನಿನ ಹೊರಗಿನವರಿಗೆ ಚಟ್ನಿಯಾದರೂ ಗೊತ್ತು, ಹಾಲು ಗೊತ್ತಿಲ್ಲ. ನನಗೆ ಮಾತ್ರ ಇದೇ ಹೆಚ್ಚಿನದು. ನಾವು ತೆಂಗಿನ ಹಾಲು ಹಾಕುವ ಜಾಗದಲ್ಲಿ ಅವರು ಬೀಜದ ಹಾಲು ಹಾಕುತ್ತಾರೆ. ತೆಂಗು ಬೆಳೆಯದ ನಾಡು ತನಗೆ ಬೇಕಾದ ಹಾಲನ್ನು ಇದ್ದ ಬೀಜದಿಂದಲೇ ಹಿಂಡಿಕೊಂಡಿದೆ.

ಅರ್ಧ ಕಪ್ ಬೀಜವನ್ನು ಚಟ್ನಿಗಿಂತ ಹಗುರವಾಗಿ ಹುರಿಯಿರಿ, ಚಟಪಟ ಶುರುವಾದ ಕೂಡಲೇ ಇಳಿಸಿ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಲಿ. ಒಂದು ಕಪ್ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಗಟ್ಟಿ ಹಾಲು ಬರುತ್ತದೆ, ಬಣ್ಣ ತಿಳಿ ಬೂದು. ಚರಟವನ್ನು ಮತ್ತೆ ಅರ್ಧ ಕಪ್ ನೀರಲ್ಲಿ ರುಬ್ಬಿ ಇನ್ನೊಂದು ಸಲ ಹಿಂಡಿ. ಇಲ್ಲಿ ಸಿಪ್ಪೆ ಬಟ್ಟೆಯಲ್ಲೇ ಉಳಿಯಬೇಕು.

ಗಡೇರಿ ಅಂದರೆ ದೊಡ್ಡ ಕೆಸುವಿನ ಗೆಡ್ಡೆ. ಕೈಗೆ ಎಣ್ಣೆ ಸವರಿಕೊಂಡು, ಗೆಡ್ಡೆ ಒಣಗಿರುವಾಗಲೇ ಸಿಪ್ಪೆ ತೆಗೆದು ಹೆಚ್ಚಿ. ಒದ್ದೆಯಾದರೆ ಕೈ ತುರಿಸುತ್ತದೆ, ಲೋಳೆಯೂ ಜಾಸ್ತಿ. ಸಾಸಿವೆ ಎಣ್ಣೆಯನ್ನು ಹೊಗೆ ಬರುವವರೆಗೆ ಕಾಯಿಸಿ, ಸ್ವಲ್ಪ ಆರಿಸಿ, ಓಂಕಾಳಿನ ಒಗ್ಗರಣೆ ಕೊಡಿ. ಇಜಾ ಇದಕ್ಕೆ ಗಂಧರಾಯಣಿ ಬೇರಿನ ಒಂದು ಚೂರು ಹಾಕುತ್ತಾರೆ. ಮುನ್ಸ್ಯಾರಿ, ಧಾರ್ಚುಲಾದ ಮೇಲಿನ ಬೆಟ್ಟಗಳಿಂದ ಬರುವ ಘಮಘಮ ಬೇರು ಅದು. ಹೋಳು ಹಾಕಿ ಅಂಚು ಕೆಂಪಗಾಗುವವರೆಗೆ ಬಾಡಿಸಿ. ಅರಿಶಿನ, ಧನಿಯಾ ಪುಡಿ, ಖಾರದ ಪುಡಿ, ಉಪ್ಪು. ಎರಡನೇ ಸಲ ಹಿಂಡಿದ ತೆಳು ಹಾಲಿನ ಜೊತೆ ಬೇಕಾದಷ್ಟು ನೀರು ಸೇರಿಸಿ, ಮುಚ್ಚಿ ಮೆತ್ತಗೆ ಬೇಯಿಸಿ. ಕೆಸು ಅರೆ ಬೆಂದರೆ ಗಂಟಲು ಕೆರೆಯುತ್ತದೆ, ಹಾಗಾಗಿ ಪೂರ್ತಿ ಬೇಯಲೇಬೇಕು.

ಗಟ್ಟಿ ಹಾಲು ಕೊನೆಗೆ. ಉರಿ ಸಣ್ಣ ಮಾಡಿ ಸುರಿದು, ಬಿಡದೆ ಕೈಯಾಡಿಸಿ. ಕುದಿ ಜೋರಾದರೆ ಹಾಲು ಒಡೆದು ಸಣ್ಣ ಸಣ್ಣ ಮೊಸರು ಮೊಸರಾಗಿ ಕಾಣುತ್ತದೆ. ರುಚಿ ಕೆಡುವುದಿಲ್ಲ, ಆದರೆ ಗೊಜ್ಜಿನ ನುಣುಪು ಹೋಗುತ್ತದೆ. ಹತ್ತು ನಿಮಿಷ ಸಣ್ಣಗೆ ಕುದ್ದರೆ ಗಟ್ಟಿಯಾಗಿ ಹೋಳಿಗೆ ಹಿಡಿದುಕೊಳ್ಳುತ್ತದೆ. ಇಳಿಸಿದ ಮೇಲೆ ನಿಂಬೆ ಹಿಂಡಿ. ಬಿಸಿ ಅನ್ನಕ್ಕೆ ಇದು, ಮೇಲೆ ಒಂದು ಹಸಿಮೆಣಸಿನಕಾಯಿ. ಸಾಸಿವೆ ಸೊಪ್ಪಿನ ಪಲ್ಯಕ್ಕೂ ಇದೇ ಹಾಲು ಹಾಕುತ್ತಾರೆ. ನಮ್ಮಲ್ಲಿ ಹರಿವೆ ಸೊಪ್ಪಿಗೆ ಹಾಕಿದರೂ ಚೆನ್ನಾಗಿರುತ್ತದೆ. ಬಟ್ಟೆಯಲ್ಲಿ ಉಳಿದ ಚರಟ ಹಸುವಿಗೆ.

ನಿಂಬೂ ಸಾನ್

ಡಿಸೆಂಬರ್, ಜನವರಿಯ ಮಧ್ಯಾಹ್ನ ಕುಮಾವೂನಿನ ಯಾವ ಹಳ್ಳಿಗೆ ಹೋದರೂ ಹೆಂಗಸರು ಅಂಗಳದಲ್ಲಿ ಬಿಸಿಲು ಕಾಯುತ್ತಾ ಕೂತಿರುತ್ತಾರೆ. ನಡುವೆ ನಿಂಬೂ ಸಾನ್, ಅಂದರೆ ನಿಂಬೆ ತೊಳೆಯ ಕಲಸು, ಮಾಡಲು ಒಂದು ದೊಡ್ಡ ಪರಾತ. ಒಬ್ಬರು ನಿಂಬೆ ಬಿಡಿಸುತ್ತಾರೆ, ಒಬ್ಬರು ಮೂಲಂಗಿ ಹೆಚ್ಚುತ್ತಾರೆ, ಒಬ್ಬರು ಸಿಲ್ ಮೇಲೆ ಭಾಂಗ್ ಅರೆಯುತ್ತಾರೆ. ಕಲಸುವುದು ಮಾತ್ರ ಒಬ್ಬರದೇ ಕೈ. ನಮ್ಮ ಮನೆಯಲ್ಲಿ ಅದು ಇಜಾ ಕೈ. ಊಟ ಆದ ಮೇಲೆ, ಸಂಜೆಯ ಚಹಾಕ್ಕೆ ಮುಂಚೆ, ಇದನ್ನು ತಿನ್ನುತ್ತಾ ಊರ ಸುದ್ದಿಯೆಲ್ಲ ಮುಗಿಯುತ್ತದೆ.

ಬೆಟ್ಟದ ನಿಂಬೆ ಮೋಸಂಬಿಗಿಂತ ದೊಡ್ಡದು, ದಪ್ಪ ಸಿಪ್ಪೆ, ಒಳಗೆ ಬಿಡಿಸಬಹುದಾದ ತೊಳೆ. ಬೆಂಗಳೂರಿನಲ್ಲಿ ಅದು ಸಿಗುವುದಿಲ್ಲ. ನಾನು ಚಕ್ಕೋತದಲ್ಲಿ ಮಾಡುತ್ತೇನೆ. ದೇವನಹಳ್ಳಿ ಚಕ್ಕೋತ ಸಿಕ್ಕಿದರೆ ಅದೃಷ್ಟ. ಅರ್ಧ ಚಕ್ಕೋತದ ತೊಳೆಗಳನ್ನು ಬಿಳಿ ಪೊರೆ ಒಂಚೂರೂ ಇಲ್ಲದಂತೆ ಬಿಡಿಸಿ, ಕೈಯಲ್ಲಿ ಮುರಿದು ಹಾಕಿ. ಪೊರೆ ಉಳಿದರೆ ಕಹಿ. ಚಕ್ಕೋತಕ್ಕೆ ಆ ನಿಂಬೆಯ ಹುಳಿ ಇಲ್ಲ, ಅದಕ್ಕೆ ಎರಡು ನಿಂಬೆಹಣ್ಣಿನ ರಸ ಸೇರಿಸಿ. ಒಂದು ಎಳೆ ಮೂಲಂಗಿಯನ್ನು ಬೆಂಕಿಕಡ್ಡಿ ಗಾತ್ರಕ್ಕೆ ಹೆಚ್ಚಿ. ಒಂದು ಕಪ್ ಗಟ್ಟಿ ಮೊಸರು, ನೀರು ಬಸಿದದ್ದು.

ಹುರಿದ ಬೀಜ ಕಾಲು ಕಪ್, ಹಸಿಮೆಣಸಿನಕಾಯಿ ಎರಡು, ಕೊತ್ತಂಬರಿ ಸೊಪ್ಪು, ಉಪ್ಪು, ಚಿಟಿಕೆ ಅರಿಶಿನ. ಇದನ್ನು ನುಣ್ಣಗೆ ಅರೆಯಿರಿ. ಚಟ್ನಿಯಲ್ಲಿ ತರಿ ಬೇಕು ಅಂದೆ, ಇಲ್ಲಿ ಬೇಡ. ಅರೆದದ್ದನ್ನು ಮೊದಲು ಮೊಸರಿಗೆ ಕಲಸಿ, ಎರಡು ಚಮಚ ಬೆಲ್ಲದ ಪುಡಿ ಹಾಕಿ. ಆಮೇಲೆ ಮೂಲಂಗಿ, ಕೊನೆಗೆ ತೊಳೆ. ಚಮಚ ಬೇಡ, ಕೈಯಲ್ಲೇ ಕಲಸಿ. ತೊಳೆ ಅರ್ಧ ಒಡೆದು ರಸ ಬಿಡಬೇಕು, ಅರ್ಧ ಹಾಗೇ ಇರಬೇಕು. ಕೈಗೆ ಮಾತ್ರ ಅದು ಗೊತ್ತಾಗುತ್ತದೆ. ಕೂಡಲೇ ತಿನ್ನಿ. ಇಟ್ಟರೆ ಮೂಲಂಗಿ ನೀರು ಬಿಟ್ಟು ಎಲ್ಲ ತೆಳ್ಳಗಾಗುತ್ತದೆ. ಕೆಲವರು ಬಾಳೆಹಣ್ಣು, ಕಿತ್ತಳೆ ಕೂಡ ಸೇರಿಸುತ್ತಾರೆ, ನನಗೆ ಬೇಡ ಅನಿಸುತ್ತದೆ. ಹುಳಿ, ಸಿಹಿ, ಖಾರ, ಬೀಜದ ಜಿಡ್ಡು, ನಾಲ್ಕೂ ಒಂದೇ ತುತ್ತಿನಲ್ಲಿ ಸಿಗುವುದೇ ಇದರ ಸೊಗಸು.

ಪಿಸಿ ನೂನ್, ಅಂದರೆ ಅರೆದ ಉಪ್ಪು

ಹೊಸದಾಗಿ ಶುರು ಮಾಡುವವರಿಗೆ ಇದೇ ಸುಲಭ. ಸೈಂಧವ ಲವಣ ಅರ್ಧ ಕಪ್, ಹುರಿದ ಭಾಂಗ್ ಬೀಜ ಕಾಲು ಕಪ್, ಜೀರಿಗೆ ಒಂದು ಚಮಚ, ಒಣಮೆಣಸಿನಕಾಯಿ ನಾಲ್ಕು, ಬೆಳ್ಳುಳ್ಳಿ ಆರು ಎಸಳು. ಎಲ್ಲವನ್ನೂ ನೀರಿಲ್ಲದೆ ಅರೆದು, ತಟ್ಟೆಯಲ್ಲಿ ಒಂದು ದಿನ ಆರಲು ಬಿಟ್ಟು, ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿ ಇಡಿ. ಅಲ್ಲಿ ಸೌತೆಕಾಯಿಗೆ, ಕಿತ್ತಳೆ ಜಾತಿಯ ಮಾಲ್ಟಾ ಹಣ್ಣಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಇಲ್ಲಿ ಸೀಬೆಕಾಯಿ, ತೋತಾಪುರಿ ಮಾವು, ಮಜ್ಜಿಗೆ ಯಾವುದಕ್ಕೂ ಆಗುತ್ತದೆ. ಮಕ್ಕಳು ಮೊದಲು ಒಲಿಯುವುದು ಇದಕ್ಕೇ.

ನಮ್ಮ ಅಡುಗೆಗೆ ಬೆರೆಸುವ ಮುಂಚೆ

ಹುಚ್ಚೆಳ್ಳು ಬದಲು ಭಾಂಗ್ ಬೀಜ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬೇಡಿ ಅನ್ನುತ್ತೇನೆ. ಮುದ್ದೆ ಪಕ್ಕದ ಹುಚ್ಚೆಳ್ಳು ಚಟ್ನಿ, ಉತ್ತರ ಕರ್ನಾಟಕದ ಗುರೆಳ್ಳು ಪುಡಿ, ಅಗಸಿ ಹಿಂಡಿ, ಇವೂ ಕಡಿಮೆಯಾಗುತ್ತಿವೆ. ದೂರದಿಂದ ಬಂದ ಬೀಜ ಅವುಗಳ ಜಾಗ ಕಿತ್ತುಕೊಳ್ಳುವುದು ಬೇಡ. ಭಾಂಗ್ ಬೀಜಕ್ಕೆ ಅದರದೇ ಅಡುಗೆ ಇದೆ. ಅದನ್ನು ಅದರ ಹೆಸರಲ್ಲೇ ಮಾಡಿ, ಕುಮಾವೂನಿದು ಅಂತ ಹೇಳಿ ಬಡಿಸಿ.

ಮೊದಲ ಸಲ ತಿನ್ನುವವರಿಗೆ ಎರಡು ಚಮಚ ಚಟ್ನಿ ಸಾಕು. ಎಣ್ಣೆ, ನಾರು ಜಾಸ್ತಿ ಇರುವುದರಿಂದ ಅಭ್ಯಾಸ ಇಲ್ಲದವರಿಗೆ ಹೊಟ್ಟೆ ಸಡಿಲ ಆಗಬಹುದು. ಅಲ್ಲಿಯವರು ಇದನ್ನು ಉಷ್ಣ ಅಂತ ಹೇಳಿ ಬೇಸಿಗೆಯಲ್ಲಿ ಕಡಿಮೆ ಮಾಡುತ್ತಾರೆ. ಕಾಳು, ಬೀಜಗಳಿಗೆ ಅಲರ್ಜಿ ಇರುವವರು ಹುಷಾರಾಗಿರಿ. ಬೀಜದ ಎಣ್ಣೆ ಸಿಕ್ಕಿದರೆ ಅದರಲ್ಲಿ ಒಗ್ಗರಣೆ ಹಾಕಬೇಡಿ, ಬೇಗ ಹೊಗೆಯಾಡಿ ಕಹಿಯಾಗುತ್ತದೆ. ಅನ್ನದ ಮೇಲೆ ಹಸಿಯಾಗಿ ಹಾಕಿಕೊಳ್ಳಿ.

ಅಡುಗೆ ಉಳಿಯಬೇಕಾದರೆ ಕೇಳುವವರೂ ಬೇಕು. ನಮ್ಮ ಕಡೆಯಿಂದ ಎಷ್ಟೋ ಜನ ಜಾಗೇಶ್ವರ, ಕೌಸಾನಿ, ಮಾಯಾವತಿ ಆಶ್ರಮ, ಆದಿ ಕೈಲಾಸ ಅಂತ ಕುಮಾವೂನಿಗೆ ಹೋಗುತ್ತಾರೆ. ಹೋಮ್‌ಸ್ಟೇಯವರು ದಕ್ಷಿಣದವರು ಬಂದಿದ್ದಾರೆ ಅಂತ ದಾಲ್, ಪನೀರ್, ಚಪಾತಿ ಮಾಡಿಡುತ್ತಾರೆ. ಒಂದು ದಿನ ಮುಂಚೆಯೇ ಫೋನ್ ಮಾಡಿ ಕೇಳಿ. ಭಾಂಗ್ ಕೀ ಚಟ್ನಿ, ಗಡೇರಿ, ಮಂಡುವಾ ರೊಟ್ಟಿ ಬೇಕು ಅನ್ನಿ. ಚಳಿಗಾಲವಾದರೆ ನಿಂಬೂ ಸಾನ್ ಕೂಡ ಕೇಳಿ. ನೀವು ಕೇಳಿದಿರಿ ಅಂತ ಗೊತ್ತಾದರೆ ಆ ಮನೆಯ ಅಜ್ಜಿಯನ್ನೇ ಕರೆಯುತ್ತಾರೆ. ಅವರು ಅರೆಯುವಾಗ ಪಕ್ಕದಲ್ಲಿ ಕೂರಿ. ಬೀಜ ಎಲ್ಲಿಂದ ತಂದರು, ಹುರಿದದ್ದಾ ಹಸಿಯದ್ದಾ, ಮೊದಲು ಯಾವುದು ಅರೆದರು, ಎಲ್ಲ ಕೇಳಿಕೊಳ್ಳಿ. ಪ್ರತಿ ಕಣಿವೆಯಲ್ಲೂ ಒಂದೊಂದು ಪದ್ಧತಿ ಇದೆ. ಬಾಗೇಶ್ವರದ ಕಡೆ ಚಟ್ನಿಗೆ ಪುದೀನ ಹಾಕದ ಮನೆಗಳನ್ನು ನೋಡಿದ್ದೇನೆ. ಹೊರಡುವಾಗ ಅರ್ಧ ಕೆಜಿ ತೊಳೆದ ಬೀಜ ಕೊಡಿ ಅಂತ ದುಡ್ಡು ಕೊಟ್ಟೇ ತಗೊಳ್ಳಿ. ನಿಮಗೆ ಒಂದು ಚಳಿಗಾಲಕ್ಕೆ ಅಷ್ಟು ಸಾಕು.